ನಾಲ್ಕು ದಳದ ಮುಚ್ಚಳ

“ಆರನೇದೂ ಕೈಕೊಡ್ತು,” ಎನ್ನುತ್ತಾ ಮೋನಿಷಾ ಕಾರಿನ ಡಿಕ್ಕಿಯಿಂದ ಗೋಣಿಚೀಲವೊಂದನ್ನು ಎಳೆದು ತಂದು ವರ್ಕ್‌ಶಾಪಿನ ನೆಲದ ಮೇಲೆ ಸುರಿದಳು. ಒಡೆದ ಫೈಬರ್ ತುಂಡುಗಳು ಸಿಮೆಂಟಿನ ಮೇಲೆ ಜಾರಿ ಹರಡಿಕೊಂಡವು. ಮಾಲೀಕ ಪ್ರೇಮ್‌ಕುಮಾರ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತ.

ಕೆ.ಆರ್. ಪುರದ ರೈಲು ಹಳಿಯ ಮಗ್ಗುಲಿನ ಆ ವರ್ಕ್‌ಶಾಪಿನಲ್ಲಿ ಮೊದಲೆಲ್ಲ ಬಸ್ಸಿನ ಡ್ಯಾಶ್‌ಬೋರ್ಡು, ಸೆಕ್ಯೂರಿಟಿಯವರ ಕ್ಯಾಬಿನ್ನು, ನೀರಿನ ಟ್ಯಾಂಕಿನ ಮುಚ್ಚಳ ಇಂಥವೇ ತಯಾರಾಗುತ್ತಿದ್ದವು. ಹೋದ ವರ್ಷ ಮೋನಿಷಾ ಬಂದ ಮೇಲೆ ಬೇರೆ ಥರದ ಮುಚ್ಚಳದ ಕೆಲಸ ಶುರುವಾಗಿತ್ತು. ಅವಳು ಒಂದು ರಕ್ಷಣಾ ಪ್ರಯೋಗಾಲಯದಲ್ಲಿ ಎಂಜಿನಿಯರ್. ಅವಳ ತಂಡ ಯುದ್ಧನೌಕೆಗಳನ್ನು ಕಾಯುವ ಪುಟ್ಟ ಕ್ಷಿಪಣಿಯೊಂದನ್ನು ಕಟ್ಟುತ್ತಿತ್ತು. ಶತ್ರುವಿನ ಕ್ಷಿಪಣಿ ಅಲೆಗಳಿಗೆ ತಾಗುವಷ್ಟು ಕೆಳಗೆ ಹಾರಿಬರುತ್ತದೆ. ಅದು ಹಡಗಿನ ರೇಡಾರಿಗೆ ಕಾಣುವ ಹೊತ್ತಿಗೆ ಉಳಿದಿರುವುದು ಒಂದು ನಿಮಿಷವೋ ಇನ್ನೂ ಕಡಿಮೆಯೋ. ಅಷ್ಟರೊಳಗೆ ಡೆಕ್ಕಿನ ಮೇಲಿನ ಪೆಟ್ಟಿಗೆಯಿಂದ ನಮ್ಮ ಕ್ಷಿಪಣಿ ನೆಟ್ಟಗೆ ಮೇಲೆದ್ದು, ತಿರುಗಿ, ಅದನ್ನು ದಾರಿಯಲ್ಲೇ ಹೊಡೆಯಬೇಕು.

ಮೋನಿಷಾಳ ಪಾಲಿಗೆ ಬಂದದ್ದು ಆ ಪೆಟ್ಟಿಗೆಯ ಮುಚ್ಚಳ. ಗುಮ್ಮಟದಂತಿರುವ ಆ ಮುಚ್ಚಳ ತಿಂಗಳುಗಟ್ಟಲೆ ಬಿಸಿಲು, ಉಪ್ಪುನೀರು, ಡೆಕ್ಕಿಗೆ ಬಂದು ಬಡಿಯುವ ಅಲೆ ಎಲ್ಲವನ್ನೂ ತಡೆಯಬೇಕು. ಕ್ಷಿಪಣಿ ಹೊತ್ತಿಕೊಂಡ ಕ್ಷಣ ಮಾತ್ರ ಒಳಗಿನ ಒತ್ತಡಕ್ಕೆ ಸರಿಯಾಗಿ ನಾಲ್ಕು ದಳವಾಗಿ ಒಡೆದು ಹೊರಕ್ಕೆ ಹಾರಬೇಕು. ಒಂದೇ ಒಂದು ದಳ ತಡಮಾಡಿದರೂ ಅದು ಕ್ಷಿಪಣಿಯ ರೆಕ್ಕೆಗೆ ತಾಗುತ್ತದೆ. ಹೀಗೆ ಒಡೆಯಲಿ ಎಂದು ಗಟ್ಟಿಯಾದ ಮುಚ್ಚಳದ ಮೇಲೆ ಗ್ರೈಂಡರಿನಿಂದ ಅಡ್ಡ ಉದ್ದ ಗೀರು ಹಾಕುತ್ತಿದ್ದರು. ಗೀರು ಆಳವಾದರೆ ನೀರಿನ ಪರೀಕ್ಷೆಯಲ್ಲೇ ಬಿರುಕು ಬಿಡುತ್ತಿತ್ತು. ಮೇಲುಮೇಲೆ ಹಾಕಿದರೆ ಐದೋ ಆರೋ ಅಡ್ಡಾದಿಡ್ಡಿ ತುಂಡಾಗುತ್ತಿತ್ತು.

“ಇನ್ನು ಇಪ್ಪತ್ನಾಲ್ಕು ದಿನ ಇದೆ,” ಅಂದಳು ಮೋನಿಷಾ. “ಆಮೇಲೆ ಹಡಗು ಟ್ರಯಲ್‌ಗೆ ಬರುತ್ತೆ. ಅಷ್ಟರಲ್ಲಿ ಮುಚ್ಚಳ ರೆಡಿ ಇಲ್ಲಾಂದ್ರೆ ಹೊರದೇಶದಿಂದ ತರಿಸ್ತಾರೆ. ಟ್ರಯಲ್ ಒಂದು ವರ್ಷ ಮುಂದಕ್ಕೆ ಹೋಗುತ್ತೆ.”

ಅಷ್ಟರಲ್ಲಿ ಮಂಜುಳಮ್ಮ ಕೈಗವಸು ಕಳಚಿ ತುಂಡುಗಳ ನಡುವೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಜೋಗುಪಾಳ್ಯದವಳು, ವಯಸ್ಸು ನಲವತ್ತಾರು. ಹಲಸೂರಿನಲ್ಲಿ ಮೆಟ್ರೊ ಹತ್ತಿ ಬೆಳಿಗ್ಗೆ ಎಂಟೂವರೆಗೆಲ್ಲ ಬಂದುಬಿಡುತ್ತಿದ್ದಳು. ಅಚ್ಚಿನ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಒಣಗಿದರೆ ಗಟ್ಟಿಯಾಗುವ ರೆಸಿನ್ ಅಂಟು ಬಳಿದು, ಗುಳ್ಳೆ ಏಳದಂತೆ ರೋಲರ್ ಎಳೆಯುವುದರಲ್ಲಿ ಇಪ್ಪತ್ತು ವರ್ಷ ಕಳೆದಿದ್ದಳು. ಅವಳೀಗ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಒಡೆದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು.

“ಮೇಡಂ, ಒಂದ್ಮಾತು ಹೇಳ್ಲಾ?”

“ಮಂಜುಳಮ್ಮ, ಅವರು ಟೆನ್ಷನ್ನಲ್ಲಿದಾರೆ. ಆಮೇಲೆ ಮಾತಾಡೋಣ,” ಅಂದ ಪ್ರೇಮ್‌ಕುಮಾರ್.

“ಇರ್ಲಿ, ಹೇಳ್ಲಿ,” ಎಂದು ಮೋನಿಷಾ ಅವಳ ಪಕ್ಕದಲ್ಲೇ ಕುಳಿತಳು.

“ಇಲ್ನೋಡಿ, ಅಂಚಲ್ಲಿ ದಾರ ಎದ್ದು ನಿಂತಿದೆ. ಗೀರೇನೋ ಇದೆ. ಅದರ ಕೆಳಗೆ ಈ ದಳಕ್ಕೂ ಆ ದಳಕ್ಕೂ ಒಂದೇ ಬಟ್ಟೆ ಹೋಗಿದೆ. ಅದು ಒಡೆಯಲ್ಲ ಮೇಡಂ, ಹರಿಯುತ್ತೆ. ಹರಿಯೋ ವಸ್ತು ತನಗಿಷ್ಟ ಬಂದ ಕಡೆ ಹರಿಯುತ್ತೆ.”

“ಬಟ್ಟೆ ಇಲ್ದೆ ಹೇಗೆ? ಬರೀ ರೆಸಿನ್ ಆದ್ರೆ ಗಾಜಿನ ಥರ ಒಡೆದುಹೋಗುತ್ತಲ್ಲ.”

“ಅದನ್ನೇ ಹೇಳ್ತಿರೋದು. ನಾಲ್ಕು ದಳ ಬೇರೆ ಬೇರೆ ಮಾಡ್ಕೊಳೋಣ. ಒಳಗೆ ಬಟ್ಟೆ ಇರ್ಲಿ. ಆಮೇಲೆ ನಾಲ್ಕನ್ನೂ ಒಟ್ಟಿಗೆ ನಿಲ್ಸಿ ಸಂದಿಗೆ ಬರೀ ರೆಸಿನ್ ತುಂಬೋಣ. ಒಡೆದ್ರೆ ಅಲ್ಲೇ ಒಡೀಬೇಕು. ಬೇರೆ ದಾರಿ ಇರಲ್ಲ ಅದಕ್ಕೆ.”

ಮೋನಿಷಾ ಒಂದು ತುಂಡಿನ ಹಿಂಬದಿಯಲ್ಲೇ ಪೆನ್ನಿನಿಂದ ಗುಮ್ಮಟದ ಚಿತ್ರ ಬರೆದಳು. ಹೊರಗಿನಿಂದ ಬಾಣ ಹಾಕಿದಳು, ಒಳಗಿನಿಂದ ಬಾಣ ಹಾಕಿದಳು. ಹೊರಗಿನಿಂದ ಅಲೆ ತಳ್ಳಿದರೆ ನಾಲ್ಕು ದಳಗಳೂ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಸಂದಿನ ರೆಸಿನ್ ದುರ್ಬಲವಾಗಿದ್ದರೂ ನಡೆಯುತ್ತದೆ. ಒಳಗಿನಿಂದ ತಳ್ಳಿದರೆ ಸಂದು ಎಳೆತಕ್ಕೆ ಸಿಕ್ಕಿ ಬಿಟ್ಟುಕೊಳ್ಳುತ್ತದೆ. ಒಂದು ವರ್ಷ ತಾನು ಹುಡುಕುತ್ತಿದ್ದದ್ದು ಈ ನೆಲದ ಮೇಲೆ ಬಿದ್ದಿತ್ತು.

“ಪ್ರೇಮ್‌ಕುಮಾರ್, ಅಚ್ಚು ಮಾಡೋರು ಯಾರು ನಿಮಗೆ? ಇವತ್ತೇ ಹೋಗ್ಬೇಕು,” ಎಂದು ಎದ್ದಳು.

ಅಚ್ಚು ಮಾಡುವವನು ಶಿವಾಜಿನಗರದ ಕಲೀಮುಲ್ಲಾ. ಮರದಲ್ಲಿ ಮಾದರಿ ಕೆತ್ತುವುದು ಅವನ ತಂದೆಯ ಕಾಲದ ಕಸುಬು. ಮೂವರೂ ಅವನ ಅಂಗಡಿಗೆ ಹೋದಾಗ ಅವನು ಕನ್ನಡಕ ಹಣೆಗೇರಿಸಿ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದ.

“ನಾಲ್ಕು ಪೀಸು, ಸಮಾ ಸಮಾ. ಆಯ್ತು. ಅಂಚು ನೆಟ್ಟಗೆ ಬೇಕಾ, ಓರೆ ಬೇಕಾ?”

ಮೋನಿಷಾ ಮಂಜುಳಮ್ಮನ ಮುಖ ನೋಡಿದಳು. ಮಂಜುಳಮ್ಮ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ಕೆಳಗೆ ಹತ್ತಿರ ತಂದು ಮೇಲೆ ಅಗಲಿಸಿದಳು. “ಓರೆ ಕಲೀಮ್ ಭಾಯ್. ಒಳಗಡೆ ಸಂದಿ ಕಿರಿದು, ಹೊರಗಡೆ ಅಗಲ. ಬಿಟ್ಕೊಂಡು ಹೊರಕ್ಕೆ ಹೋಗೋವಾಗ ಒಂದಕ್ಕೊಂದು ಸಿಕ್ಕಾಕ್ಕೋಬಾರದು.”

“ಅಕ್ಕನ ತಲೆ ಚೆನ್ನಾಗಿ ಓಡ್ತೈತೆ,” ಎಂದ ಕಲೀಮುಲ್ಲಾ. “ನಾಲ್ಕು ದಿನ ಕೊಡಿ.”

ಅವನು ಮೂರೇ ದಿನದಲ್ಲಿ ಕೊಟ್ಟ. ಏಳನೆಯ ಮುಚ್ಚಳ ನೀರಿನ ಪರೀಕ್ಷೆಯನ್ನು ಒಂದು ಹನಿ ಸೋರದೆ ಗೆದ್ದಿತು. ಗಾಳಿಯ ಒತ್ತಡದ ಪರೀಕ್ಷೆ ಮುಗಿದ ಕೂಡಲೇ ಮೋನಿಷಾ ವರ್ಕ್‌ಶಾಪಿಗೆ ಫೋನ್ ಮಾಡಿದಳು. “ನಾಲ್ಕೇ ತುಂಡಾಯ್ತು ಮಂಜುಳಮ್ಮ. ಮೊದಲನೇ ಸಲ. ಆದ್ರೆ ಮೂರು ಒಟ್ಟಿಗೆ ಹೋದ್ವು, ನಾಲ್ಕನೇದು ತಡವಾಯ್ತು.”

“ಎಷ್ಟು ತಡ?”

“ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ. ಆದ್ರೂ ರೆಕ್ಕೆಗೆ ತಾಗುತ್ತೆ.”

ಮಂಜುಳಮ್ಮನಿಗೆ ಬೇಸರವಾಗುವ ಬದಲು ಹುರುಪು ಬಂತು. ಆರು ಸಲ ಎಲ್ಲೆಂದರಲ್ಲಿ ಒಡೆದದ್ದು ಈಗ ಹೇಳಿದ ಕಡೆ ಒಡೆದಿತ್ತು. ಮನೆಗೆ ಹೋಗುವಾಗ ಮೆಟ್ರೊದಲ್ಲಿ ನಿಂತೇ ಲೆಕ್ಕ ಹಾಕಿದಳು. ಬ್ರಷ್ಷಿನಲ್ಲಿ ತುಂಬಿದ ರೆಸಿನ್ ಎಲ್ಲ ಕಡೆ ಒಂದೇ ಸಮ ಇಳಿದಿರಲಾರದು. ಎಲ್ಲೋ ಗಾಳಿ ಗುಳ್ಳೆ ನಿಂತಿರಬೇಕು, ಎಲ್ಲೋ ದಪ್ಪವಾಗಿರಬೇಕು. ಹಲಸೂರಿನಲ್ಲಿ ಇಳಿದು ನಡೆಯುತ್ತಿದ್ದವಳು ಮೆಡಿಕಲ್ ಶಾಪೊಂದರ ಮುಂದೆ ತಟ್ಟನೆ ನಿಂತಳು.

“ಇರೋದ್ರಲ್ಲಿ ದೊಡ್ಡ ಸಿರಿಂಜ್ ಕೊಡಿ. ಸೂಜಿ ಬೇಡ. ಆರು ಬೇಕು.”

ಅಂಗಡಿಯವನು ಯಾರಿಗೆ ಹುಷಾರಿಲ್ಲ ಎಂದು ಕೇಳಿದ. ಮಂಜುಳಮ್ಮ ನಕ್ಕು ಸುಮ್ಮನಾದಳು. ಕೆಲಸದ ವಿಷಯ ಹೊರಗೆ ಹೇಳುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ್ದಳು. ಮನೆಯಲ್ಲಿ ಗಂಡ ಅಂಜನಮೂರ್ತಿಯೂ ಚೀಲ ನೋಡಿ ಕೇಳಿದ. ಅವನು ಜಲಮಂಡಳಿಯಲ್ಲಿ ವಾಲ್ವ್‌ಮನ್; ಬೀದಿ ಬೀದಿಗೆ ನೀರು ಬಿಡುವ ಕೆಲಸ.

“ಸಿರಿಂಜ್ ಯಾಕೆ?”

“ಮುಚ್ಚಳಕ್ಕೆ.”

“ಮುಚ್ಚಳಕ್ಕೆ ಇಂಜೆಕ್ಷನ್ ಕೊಡ್ತೀಯಾ?”

“ಹೂಂ, ಕೊಡ್ತೀನಿ. ಅದಕ್ಕೆ ಮೈ ಹುಷಾರಿಲ್ಲ.”

ಅವನು ತಲೆ ಅಲ್ಲಾಡಿಸಿ ನಕ್ಕ. ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗಿನ ಮೇಜಿನ ಮೇಲೆ ಮಂಜುಳಮ್ಮ ಎರಡು ಗಾಜಿನ ಪಟ್ಟಿಗಳನ್ನು ಸಂದಿ ಬಿಟ್ಟು ನಿಲ್ಲಿಸಿ, ಗಂಜಿಯ ತಿಳಿಯನ್ನು ಸಿರಿಂಜಿನಿಂದ ಬುಡದಿಂದ ಮೇಲಕ್ಕೆ ತಳ್ಳಿ ನೋಡಿದಳು. ಗುಳ್ಳೆಗಳು ತಾವಾಗಿಯೇ ಮೇಲೇರಿ ಒಡೆದು ಹೋದವು. ಸಂದಿ ಪೂರ್ತಿ ತುಂಬಿತು. ಅವಳು ಮೂರು ಸಲ ಮಾಡಿ ನೋಡಿದಳು. ಮೂರು ಸಲವೂ ಹಾಗೇ ಆಯಿತು.

ಮರುದಿನ ಕಲೀಮುಲ್ಲಾ ಒಂದೂವರೆ ಮಿಲಿಮೀಟರ್ ದಪ್ಪದ ತಗಡಿನ ಚೂರುಗಳನ್ನು ಕತ್ತರಿಸಿ ತಂದುಕೊಟ್ಟ. ಅವನ್ನು ಸಂದಿನ ಎರಡೂ ತುದಿಗೆ ಸಿಕ್ಕಿಸಿ ದಳಗಳನ್ನು ನಿಲ್ಲಿಸಿದರೆ ಸಂದಿನ ಉದ್ದಕ್ಕೂ ಒಂದೇ ಅಂತರ ಬರುತ್ತಿತ್ತು. ಮಂಜುಳಮ್ಮ ಉಸಿರು ಬಿಗಿಹಿಡಿದು ಸಿರಿಂಜ್ ಒತ್ತಿದಳು. ಪ್ರೇಮ್‌ಕುಮಾರ್ ಫ್ಯಾನ್ ಆರಿಸಿ ಪಕ್ಕದಲ್ಲೇ ನಿಂತ. ಅವಳು ಕೊನೆಯ ಸಂದಿ ತುಂಬಿ ಎದ್ದಾಗ ಅವನೇ ಚಹಾ ತಂದುಕೊಟ್ಟ.

ಎಂಟನೆಯ ಮುಚ್ಚಳದ ಪರೀಕ್ಷೆಗೆ ಮಂಜುಳಮ್ಮನೂ ಬರಬೇಕೆಂದು ಮೋನಿಷಾ ಹಟ ಹಿಡಿದಳು. ಗೇಟಿನಲ್ಲಿ ಆಧಾರ್ ತೋರಿಸಿ, ಫೋನ್ ಒಪ್ಪಿಸಿ, ಕೊರಳಿಗೆ ಪಾಸು ತೂಗುಹಾಕಿಕೊಂಡು ಮಂಜುಳಮ್ಮ ಒಳಗೆ ಹೋದಳು. ದಪ್ಪ ಗಾಜಿನಾಚೆ ಉಕ್ಕಿನ ಕೊಳವೆಯೊಂದು ನಿಂತಿತ್ತು. ಅದರ ತಲೆಯ ಮೇಲೆ ಅವಳ ಮುಚ್ಚಳವಿತ್ತು. ಗಾಜಿನ ಈಚೆ ತಂಡದ ಹಿರಿಯ ವಿಜ್ಞಾನಿ ಜಗದೀಶ್ ಕೈಕಟ್ಟಿ ನಿಂತಿದ್ದರು. ಹೊರದೇಶದ ಮುಚ್ಚಳವೇ ಸರಿ ಎನ್ನುತ್ತಿದ್ದವರು ಅವರೇ.

ಐದರಿಂದ ಎಣಿಕೆ ಇಳಿಯಿತು. ಡಬ್ ಎಂಬ ಸದ್ದು. ಬರಿಗಣ್ಣಿಗೆ ಕಂಡದ್ದು ಬಿಳಿ ಧೂಳಿನ ಒಂದು ಉಂಡೆಯಷ್ಟೇ. ಆಮೇಲೆ ಪರದೆಯ ಮೇಲೆ ಅದನ್ನೇ ನಿಧಾನಗತಿಯಲ್ಲಿ ತೋರಿಸಿದರು. ಗುಮ್ಮಟ ಕೊಂಚ ಉಬ್ಬಿತು. ಕೂದಲೆಳೆಯಂಥ ನಾಲ್ಕು ಗೆರೆಗಳು ತುದಿಯಿಂದ ಅಂಚಿನವರೆಗೆ ಒಟ್ಟಿಗೇ ಮೂಡಿದವು. ನಾಲ್ಕು ದಳಗಳೂ ಒಂದೇ ಸಮ ಬಿರಿದು, ನಾಲ್ಕು ದಿಕ್ಕಿಗೆ ಹೊರಳಿ, ಪರದೆಯಾಚೆ ಹೋದವು. ನಡುವೆ ಖಾಲಿ ಬಾಯಿ ಉಳಿಯಿತು.

ಜಗದೀಶ್ ಹತ್ತಿರ ಬಂದು, “ಇನ್ನೊಂದ್ಸಲ ಹಾಕಿ,” ಎಂದರು. ಎರಡನೆಯ ಸಲ ನೋಡಿದ ಮೇಲೆ, “ಇನ್ನೊಂದು,” ಎಂದರು. ಆಮೇಲೆ ತಿರುಗಿ, “ಸಂದಿ ತುಂಬಿದ್ದು ಯಾರು?” ಎಂದು ಕೇಳಿದರು.

“ನಾನು ಸರ್,” ಅಂದಳು ಮಂಜುಳಮ್ಮ.

“ಇದೇ ಥರ ಇನ್ನೂ ಮೂರು ಬೇಕಮ್ಮ. ಹತ್ತು ದಿನ ಇದೆ. ಮೂರೂ ಹೀಗೇ ಇರ್ಬೇಕು, ಒಂಚೂರೂ ಹೆಚ್ಚುಕಮ್ಮಿ ಆಗ್ಬಾರದು. ಆಗುತ್ತಾ?”

“ಒಂಬತ್ತನೇ ದಿನ ಕೊಡ್ತೀನಿ ಸರ್. ಆದ್ರೆ ಸಂದಿ ನಾನೇ ತುಂಬ್ತೀನಿ, ಬೇರೆಯವರ ಕೈಗೆ ಕೊಡಲ್ಲ.”

ಜಗದೀಶ್ ಮೊದಲ ಬಾರಿಗೆ ನಕ್ಕರು. ಹೊರಗೆ ಬಂದ ಮೇಲೆ ಮೋನಿಷಾ ಮಂಜುಳಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡಳು.

ಒಂಬತ್ತನೆಯ ದಿನ ಮೂರು ಮುಚ್ಚಳಗಳು ಮರದ ಪೆಟ್ಟಿಗೆಯಲ್ಲಿ ಕರಾವಳಿಗೆ ಹೊರಟವು. ಅವುಗಳ ಹಿಂದೆಯೇ ಮೋನಿಷಾ, ಜಗದೀಶ್ ಮತ್ತು ತಂಡದವರು ಹೋದರು.

ಹಡಗು ಸಮುದ್ರದಲ್ಲಿ ಎರಡು ದಿನ ಸುತ್ತಿತು. ಎರಡನೆಯ ದಿನ ಗಾಳಿ ಎದ್ದು ಅಲೆಗಳು ಡೆಕ್ಕಿನ ಮೇಲೆ ಹಾಯ್ದವು. ಮೋನಿಷಾ ಕಂಬಿ ಹಿಡಿದು ನಿಂತು, ಮುಚ್ಚಳದ ಮೇಲಿಂದ ನೀರು ಸುರಿದು ಹೋಗುವುದನ್ನೇ ನೋಡಿದಳು. ಪೆಟ್ಟಿಗೆಯೊಳಗಿನ ತೇವ ತೋರಿಸುವ ಮುಳ್ಳು ಕದಲಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ನಿಯಂತ್ರಣ ಕೋಣೆಯಲ್ಲಿ ಸೇರಿದರು. ಗುರಿಯಾಗಿ ಬಿಟ್ಟ ಚಾಲಕನಿಲ್ಲದ ಪುಟ್ಟ ವಿಮಾನ ದೂರದಲ್ಲಿ ಅಲೆಗಳಿಗೆ ಅಂಟಿಕೊಂಡಂತೆ ಹಡಗಿನತ್ತ ಬರುತ್ತಿತ್ತು. ಮೊದಲು ರೇಡಾರಿನಲ್ಲಿ ಏನೂ ಕಾಣಲಿಲ್ಲ. ಆಮೇಲೆ ಒಂದು ಚುಕ್ಕೆ ಮಿನುಗಿ ಮಾಯವಾಯಿತು. ಮತ್ತೆ ಮಿನುಗಿ ನಿಂತಿತು. ಯಾರೋ ದೂರ ಹೇಳತೊಡಗಿದರು. ಹದಿನೆಂಟು ಕಿಲೋಮೀಟರ್. ಹದಿನೈದು. ಹನ್ನೆರಡು. ಮೋನಿಷಾ ರೇಡಾರನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಪಕ್ಕದ ಪರದೆಯಲ್ಲಿ ಕಾಣುತ್ತಿದ್ದ ಮುಚ್ಚಳದ ಮೇಲಿತ್ತು.

ಗುಂಡಿ ಒತ್ತಿದರು. ಮುಚ್ಚಳ ಉಬ್ಬಿತು, ಬಿರಿಯಿತು. ಅದರ ಬಾಯಿಂದ ಕ್ಷಿಪಣಿ ಎದ್ದದ್ದು ಅವಳಿಗೆ ಬಿಳಿ ಗೆರೆಯಾಗಿ ಮಾತ್ರ ಕಂಡಿತು. ಹಡಗು ಗುಡುಗಿತು. ಗೆರೆ ಆಕಾಶಕ್ಕೇರಿ, ಪಕ್ಕಕ್ಕೆ ಬಾಗಿ, ನೀರಿನತ್ತ ಧಾವಿಸಿತು. ರೇಡಾರಿನ ಎರಡು ಚುಕ್ಕೆಗಳು ಹತ್ತಿರ ಬಂದವು, ಕೂಡಿದವು. ಆಮೇಲೆ ಯಾವ ಚುಕ್ಕೆಯೂ ಇರಲಿಲ್ಲ.

ಕೋಣೆಯಲ್ಲಿದ್ದ ಎಲ್ಲರೂ ಒಟ್ಟಿಗೆ ಎದ್ದರು. ಜಗದೀಶ್ ಮಾತ್ರ ಕುರ್ಚಿಯ ಮೇಲೆ ಕುಳಿತೇ ಕನ್ನಡಕ ತೆಗೆದು ಒರೆಸಿಕೊಂಡರು. ಮೋನಿಷಾ ಡೆಕ್ಕಿಗೆ ಓಡಿದಳು. ಸುಟ್ಟ ವಾಸನೆ ಇನ್ನೂ ಆಡುತ್ತಿತ್ತು. ಕಂಬಿಯ ಬುಡದಲ್ಲಿ ಒಂದು ದಳ ಸಿಕ್ಕಿತು. ಅಂಚು ಸವರಿ ನೋಡಿದಳು. ನುಣ್ಣಗಿತ್ತು, ಒಂದು ದಾರವೂ ಎದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ದಡ ಸೇರಿದ ಕೂಡಲೇ ಫೋನ್ ಮಾಡಿದಳು. ಹೇಳಬಾರದ್ದೇ ಹೆಚ್ಚಿದ್ದರಿಂದ ಹೇಳಬಹುದಾದದ್ದನ್ನು ಮಾತ್ರ ಹೇಳಿದಳು. “ಮಂಜುಳಮ್ಮ, ಮುಚ್ಚಳ ಬಿಟ್ಕೊಳ್ತು. ನಾಲ್ಕೂ ಒಟ್ಟಿಗೆ. ಮಿಕ್ಕಿದ್ದೂ ಆಯ್ತು.”

ಅತ್ತ ಕಡೆ ವರ್ಕ್‌ಶಾಪಿನ ಗ್ರೈಂಡರ್ ಸದ್ದು ಒಮ್ಮೆಲೇ ನಿಂತಿತು. ಮಂಜುಳಮ್ಮ ಕೈಯೆತ್ತಿ ನಿಲ್ಲಿಸಿದ್ದಳು. “ಇನ್ನೊಂದ್ಸಲ ಹೇಳಿ ಮೇಡಂ, ಸರಿಯಾಗಿ ಕೇಳಿಸ್ಲಿಲ್ಲ,” ಅಂದಳು. ಕೇಳಿಸಿತ್ತು, ಇನ್ನೊಮ್ಮೆ ಕೇಳಬೇಕಿತ್ತು. ಮೋನಿಷಾ ಅದನ್ನೇ ಮತ್ತೆ ಹೇಳಿದಳು. ಮಂಜುಳಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡು ಪ್ರೇಮ್‌ಕುಮಾರನತ್ತ ತಲೆಯಾಡಿಸಿದಳು. ಅವನು ಶಿವಾಜಿನಗರಕ್ಕೆ ಫೋನ್ ಹಚ್ಚಿದ. ಮಧ್ಯಾಹ್ನದ ಊಟಕ್ಕೆ ಕಲೀಮುಲ್ಲಾ ಡಬ್ಬಿ ತುಂಬ ಬಿರಿಯಾನಿ ಹಿಡಿದು ಬಂದ.

ಸೋಮವಾರ ಮೋನಿಷಾ ಹೊಸ ನಕ್ಷೆಯೊಂದಿಗೆ ವರ್ಕ್‌ಶಾಪಿಗೆ ಬಂದಳು. ಇನ್ನು ಮೇಲೆ ಡೆಕ್ಕಿನ ಮೇಲೆ ಎಂಟು ಪೆಟ್ಟಿಗೆಗಳು ಸಾಲಾಗಿ ನಿಲ್ಲುತ್ತವೆ ಎಂದಳು. ಒಂದರಿಂದ ಕ್ಷಿಪಣಿ ಎದ್ದಾಗ ಅದರ ಬೆಂಕಿ ಪಕ್ಕದ ಮುಚ್ಚಳಗಳ ಮೇಲೆ ಬೀಳುತ್ತದೆ. ಅವು ಒಡೆಯದೆ ತಮ್ಮ ಸರದಿಗೆ ಕಾಯಬೇಕು.

ಮಂಜುಳಮ್ಮ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ರೆಸಿನ್ ಡಬ್ಬಿ ಇಟ್ಟಳು.

“ಬೆಂಕಿ ಎಷ್ಟು ಹೊತ್ತು ಬೀಳುತ್ತೆ ಮೇಡಂ?”

“ಅರ್ಧ ಸೆಕೆಂಡು.”

“ಅರ್ಧ ಸೆಕೆಂಡು ಅಂದ್ರೆ ಜಾಸ್ತಿನೇ ಆಯ್ತು,” ಅಂದಳು ಮಂಜುಳಮ್ಮ, ಕುರ್ಚಿ ಎಳೆದುಕೊಳ್ಳುತ್ತಾ. “ಕೂತ್ಕೊಳಿ, ನೋಡೋಣ.”