ತುದಿ ಹಿಡಿದವನು

ಹೊಸ ಹಗ್ಗವನ್ನು ಅಂಗಳದ ತೊಲೆಗೆ ಬಿಗಿದು, ಎರಡೂ ಕೈಯಲ್ಲಿ ಹಿಡಿದು, ಕಾಲು ಮೇಲೆತ್ತಿ ಮಗಳು ಜೋತುಬಿದ್ದಳು. ಅಪ್ಪನ ಹೆಣ ಇನ್ನೂ ಒಳಗಿತ್ತು.

“ಇವತ್ತೂ ಇದೇ ಕೆಲಸಾನೇನೆ? ನೋಡಿದೋರು ಏನಂದಾರು?” ಅತ್ತೆ ಬಾಗಿಲಿನಿಂದ ಗದರಿದಳು.

“ತಾನು ಜೋತುಬಿದ್ದು ನೋಡದೆ ಅಪ್ಪ ಒಂದು ಹಗ್ಗಾನೂ ಹೊರಗೆ ಕೊಟ್ಟೋನಲ್ಲ ಅತ್ತೆ. ಇದು ಅವನು ಹೊಸೆದ ಕೊನೇದು. ಇದರಲ್ಲೇ ಅವನನ್ನ ಗುಂಡಿಗೆ ಇಳಿಸೋದು.”

ಹಗ್ಗ ಒಂದೆಳೆಯೂ ಮಿಸುಕಲಿಲ್ಲ.

ಹೊರಗೆ ಕೂತ ಬಂದರಿನವರ ಮಾತು ಕಿವಿಗೆ ಬಿತ್ತು. “ಪಾಪ, ಒಣಗಾಲು ಹೋಗ್ಬಿಟ್ಟ. ಸಮುದ್ರದ ಪಕ್ಕ ಹುಟ್ಟಿ ಮೊಣಕಾಲುದ್ದ ನೀರಿಗೂ ಇಳಿದೋನಲ್ಲ!” ಬಕೆಟ್ಟಿನ ನೀರು ಸುರಿದುಕೊಳ್ಳುವಾಗಲೂ ಹೆದರಿ ಕಣ್ಣು ಮುಚ್ಚುತ್ತಿದ್ದ ಅಪ್ಪ ಆ ಅಡ್ಡಹೆಸರಿಗೆ ತಾನೂ ನಗುತ್ತಿದ್ದ. ಮಗಳಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಆ ಹೆಸರು ಹೊತ್ತು ಅವನು ಮಣ್ಣಿಗೆ ಹೋಗಬಾರದು ಎಂಬುದೊಂದೇ ಅವಳ ಆಸೆ. ಆದರೆ ಎದುರಾಡಲು ಅವಳ ಬಳಿ ಇದ್ದದ್ದು ಅರ್ಥವಾಗದ ಒಂದು ನೆನಪು ಅಷ್ಟೇ.

*

ಆಗ ಅವಳಿಗೆ ಏಳು ವರ್ಷ. ಬಿರುಗಾಳಿಗೆ ಹಾಯಿಹಡಗೊಂದು ಬಂಡೆಗೆ ಬಡಿದು ಒಡೆದಿತ್ತು. ದೋಣಿ ಇಳಿಸುವಂತಿರಲಿಲ್ಲ. ಮೀನುಗಾರನೊಬ್ಬ ಅಪ್ಪನ ಹಗ್ಗ ಕಟ್ಟಿಕೊಂಡು ಹಡಗಿನವರೆಗೆ ಈಜಿದ. ಅದನ್ನೇ ಹಿಡಿದು ಹನ್ನೊಂದು ನಾವಿಕರು ದಡ ಸೇರಿದರು. ಈಜಿದವನ ಫೋಟೋ ಬಂದರು ಕಚೇರಿಯ ಗೋಡೆ ಏರಿತು.

ಅಪ್ಪ ಸೊಂಟ ಹಿಡಿದುಕೊಂಡು, ತೊಯ್ದು ತೊಪ್ಪೆಯಾಗಿ ಮನೆಗೆ ಬಂದ. “ಮಳೆ ಕಣೇ” ಎಂದ. ಅವತ್ತು ಬರೀ ಗಾಳಿ, ಹನಿ ಮಳೆ ಬಿದ್ದಿರಲಿಲ್ಲ.

*

ಗುಂಡಿಯ ತಳ ಒದ್ದೆಯಾಗಿತ್ತು. “ಮೆಲ್ಲಗೆ ಇಳಿಸ್ರೋ, ಒಣಗಾಲಿಗೆ ತೇವ ಆದೀತು!” ಎಂದನೊಬ್ಬ. ಒಂದಿಬ್ಬರು ನಕ್ಕರು.

“ಸಾಕು ಮಾಡ್ರಪ್ಪ, ಇನ್ನಾದ್ರೂ!” ಮಗಳ ದನಿ ಒಡೆಯಿತು.

ಆಗ ಹಿಂದಿನಿಂದ, ಆ ಫೋಟೋದಲ್ಲಿದ್ದ ಮೀನುಗಾರ ಊರುಗೋಲು ಊರುತ್ತ ಮುಂದೆ ಬಂದ. ಹಣ್ಣು ಹಣ್ಣು ಮುದುಕ.

“ತಪ್ಪು ನಂದು ಮಗಳೇ. ದಡದ ಗೂಟಕ್ಕೆ ತುದಿ ಕಟ್ಟಿ ನಾನು ಈಜಿದೆ. ಅರ್ಧ ದಾರೀಲಿ ಗೂಟ ಕಿತ್ತು ಬಂತು. ನಿಮ್ಮಪ್ಪ ಓಡಿಬಂದು ತುದೀನ ಸೊಂಟಕ್ಕೆ ಸುತ್ಕೊಂಡ. ಅಲೆ ಅವನನ್ನ ಕತ್ತುಮಟ್ಟದ ನೀರಿಗೆ ಎಳೀತು. ಹನ್ನೊಂದನೆಯವನು ದಡ ಹತ್ತೋವರೆಗೂ ಮಗು ಥರ ಗೊಳೋ ಅಂತ ಅಳ್ತಾನೇ ನಿಂತಿದ್ದ. ಬಿಡ್ಲಿಲ್ಲ. ಆ ಕತ್ತಲಲ್ಲಿ ದಡದ ಮೇಲೆ ನಮ್ಮೂರೋರು ಬೇರೆ ಯಾರೂ ಇರ್ಲಿಲ್ಲ. ಅತ್ತಿದ್ದು ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ. ನಾನೂ ಬಾಯಿಗೆ ಬೀಗ ಹಾಕ್ಕೊಂಡು, ಹೊಗಳಿಕೆ ಎಲ್ಲಾ ಒಬ್ಬನೇ ತಿಂದೆ.”

ತಮಾಷೆ ಮಾಡಿದವನು ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮುದುಕ ಊರುಗೋಲು ಬಿಸಾಡಿದ. ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ, ಹಿಮ್ಮಡಿಯನ್ನು ಮಣ್ಣಿಗೆ ಒತ್ತಿ ನಿಂತ.

“ಇಳಿಸ್ರಪ್ಪ. ಈ ತುದಿ ನಂದು.”

ಪೆಟ್ಟಿಗೆ ತಳ ಮುಟ್ಟಿತು. ಉಳಿದವರೆಲ್ಲ ಕೈ ಸಡಿಲಿಸಿದರು. ಮುದುಕ ಕಣ್ಣು ಮುಚ್ಚಿ ಜಗ್ಗಿಕೊಂಡೇ ನಿಂತಿದ್ದ. ಕೊನೆಗೆ ಮಗಳೇ ಹೋಗಿ ಅವನ ಸೊಂಟದ ಸುತ್ತು ಬಿಚ್ಚಬೇಕಾಯಿತು.