ಸೊನ್ನೆ ಬರೆದ ಕಾವಲು

ಬೆಂಗಳೂರಿನ ಆರ್ಥಿಕ ನೀತಿ ಸಂಶೋಧನಾ ಸಂಸ್ಥೆಯೊಂದು ಹಿಂದುಳಿದ ತಾಲ್ಲೂಕುಗಳ ಸಮೀಕ್ಷೆಗೆ ನನ್ನನ್ನು ಆರಿಸಿಕೊಂಡದ್ದೇ ನಾನು ಈ ಚಳ್ಳಕೆರೆ ಕಡೆಯವಳೆಂದು. "ರೂಪಾಗೆ ಇಲ್ಲಿನ ಜನ ಗೊತ್ತು, ಅವರ ಮಾತು ಗೊತ್ತು" ಎಂದು ಹೊಗಳಿದ್ದರು. ಆ ಹೊಗಳಿಕೆ ನೆನೆದರೆ ಈಗ ಮೈ ಉರಿಯುತ್ತದೆ.

ಎರಡು ವರ್ಷದ ಹಿಂದೆ ದೇವಸಮುದ್ರದ ಆಚೆಯ ಕಾವಲಿನಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಕಿಲಾರಿ ಜೋಗಪ್ಪನವರನ್ನು ಮಾತಾಡಿಸಿದ್ದೆ. ದೇವರಿಗೆ ಬಿಟ್ಟ ದನಗಳನ್ನು ಕಾಯುವವರು ಕಿಲಾರಿಗಳು. ಆ ದನಗಳನ್ನು ಮಾರುವಂತಿಲ್ಲ, ಹೊಲಕ್ಕೆ ಹೂಡುವಂತಿಲ್ಲ, ಬಾಯಿತಪ್ಪಿಯೂ 'ನನ್ನವು' ಅನ್ನುವಂತಿಲ್ಲ.

ಟ್ಯಾಬ್ ನೋಡಿಕೊಂಡು ಕೇಳಿದೆ: "ನಿಮ್ಮ ಸ್ವಂತ ದನ ಎಷ್ಟು?"

"ನನ್ದು ಅಂತ ಒಂದು ಕರಾನೂ ಇಲ್ಲ ಕಣವ್ವಾ."

ಅವರ ಬೆನ್ನ ಹಿಂದೆಯೇ ನೂರಕ್ಕೂ ಹೆಚ್ಚು ದನ ಮೇಯುತ್ತಿದ್ದವು. ನನ್ನ ಅಜ್ಜನೂ ಕಿಲಾರಿಯೇ. ಆ ಮಾತಿನ ಅರ್ಥ ನನಗೆ ತಿಳಿಯದ್ದೇನಲ್ಲ. ವಿವರ ಬರೆಯಲು ಕೆಳಗೆ ಜಾಗವೂ ಇತ್ತು. ಆದರೆ ಚಳ್ಳಕೆರೆ ಬಸ್ಸು ತಪ್ಪಿಹೋಗುತ್ತಿತ್ತು, ವಾರದ ಗುರಿ ಮುಟ್ಟಬೇಕಿತ್ತು. ಸೊನ್ನೆ ಒತ್ತಿ ಓಡಿದೆ. ಕಾವಲಿನ ಸುತ್ತಲ ಉಳಿದ ಮೂರು ಹಟ್ಟಿಗಳಲ್ಲೂ ಅದನ್ನೇ ಮಾಡಿದೆ.

ವರದಿ ಹೊಳೆಯುವ ಕಾಗದದಲ್ಲಿ ಅಚ್ಚಾಗಿ ಬಂತು. 'ಜಾನುವಾರುಗಳಿಲ್ಲದ ನಿರುಪಯುಕ್ತ ಭೂಮಿ. ಕೈಗಾರಿಕೆಗೆ ಯೋಗ್ಯ' ಎಂಬ ಸಾಲು ಅದರಲ್ಲಿತ್ತು. ಸಂಸ್ಥೆಗೆ ಫೋನ್ ಮಾಡಿದರೆ, "ಅಂಕಿಅಂಶ ನೀವೇ ಕೊಟ್ಟದ್ದಲ್ವಾ ಮೇಡಂ?" ಎಂದರು.

ಮೊನ್ನೆ ಮತ್ತೆ ಅಲ್ಲಿಗೆ ಹೋಗಿದ್ದೆ. ಕಾವಲಿನ ಸುತ್ತ ತಂತಿಬೇಲಿ ಬಿದ್ದಿದೆ. ದನಗಳು ರಸ್ತೆಯಂಚಿನಲ್ಲಿ ನಿಂತು ಆಚೆಯ ಹುಲ್ಲು ನೋಡುತ್ತಿದ್ದವು. ಎಲುಬು ಎಣಿಸುವಂತಿದ್ದವು. ಜೋಗಪ್ಪ ನನ್ನ ಗುರುತು ಹಿಡಿದರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ತಪ್ಪು ನನ್ದು ಜೋಗಪ್ಪಾರೇ. ಎಲ್ಲಾ ಗೊತ್ತಿದ್ದೂ ಒಂದೂ ದನ ಇಲ್ಲ ಅಂತ ಬರ್ದೆ" ಎಂದೆ.

ಅವರು ಗುಡಿಯಿರುವ ದಿಕ್ಕಿಗೆ ತಿರುಗಿ ಕೈಮುಗಿದರು.

"ಹಂಗಾದ್ರೆ ಇವೆಲ್ಲಾ ನನ್ನವೇ ಅಂತ ಬರ್ಕೊಳವ್ವಾ. ದೇವ್ರು ಏನು ಮಾಡ್ತಾನೋ ನನಗೇ ಮಾಡ್ಲಿ. ಪಾಪ, ಅವು ಹಸ್ಕಂಡವೆ."

ಎಪ್ಪತ್ತು ವರ್ಷ ನಾಲಿಗೆಯ ಮೇಲೆ ಬಾರದ ಮಾತು ನನ್ನಿಂದಾಗಿ ಬಂತು. ಸಮೀಕ್ಷೆ ಎಂದೋ ಮುಗಿದಿತ್ತು, ಬರೆದುಕೊಂಡರೂ ಕೇಳುವವರಿರಲಿಲ್ಲ. ಅದನ್ನು ಹೇಳುವ ಧೈರ್ಯವಾಗಲಿಲ್ಲ. ಚೀಲದಲ್ಲಿದ್ದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಪೆನ್ನು ಆಡಿಸಿದೆ.

"ಬರ್ಕೊಂಡ್ಯಾ?" ಎಂದರು.

"ಬರ್ಕೊಂಡೆ" ಎಂದೆ.