ಬಲಗೈಯ ರೂಢಿ

ಹಳೆಯ ಕಾಲದ ಹಾರ್ನ್ ವಾದ್ಯಕ್ಕೆ, ಬೆರಳಿನಿಂದ ಒತ್ತಿ ಸ್ವರ ಬದಲಿಸುವ ವಾಲ್ವ್‌ಗಳಿಲ್ಲ. ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ, ಅದಕ್ಕೊಂದು ಅಗಲವಾದ ಬಾಯಿ, ಅಷ್ಟೇ. ಕೊಳವೆ ತಾನಾಗಿ ಕೊಡದ ಸ್ವರಗಳನ್ನು ಬಲಗೈಯಿಂದ ಆ ಬಾಯಿ ಮುಚ್ಚಿ ಹೊರಡಿಸಬೇಕು. ಅವು ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಕೇಳುತ್ತವೆ. ನಾನು ನುಡಿಸಬೇಕಿದ್ದ ಕಾನ್ಚೆರ್ಟೊ, ಅಂದರೆ ಒಂದು ವಾದ್ಯ ಮುಂದಾಗಿ ಆರ್ಕೆಸ್ಟ್ರಾ ಜೊತೆಗೊಡುವ ಕೃತಿ, ಬರೆದದ್ದು ಇಂಥ ವಾದ್ಯಕ್ಕೇ. ಆರ್ಕೆಸ್ಟ್ರಾ ಸೇರಿ ಹದಿನಾರು ವರ್ಷಕ್ಕೆ ಮೊದಲ ಸಲ ಮುಂದೆ ನಿಂತು ನುಡಿಸುವ ಅವಕಾಶ ನನಗೆ ಬಂದಿತ್ತು. ಎಂಟು ತಿಂಗಳು ಮನೆಯಲ್ಲಿ ಒಬ್ಬಳೇ ಹಳೆಯ ಹಾರ್ನಿನಲ್ಲಿ ಅಭ್ಯಾಸ ಮಾಡಿದ್ದೆ.

ತಾಲೀಮಿನಲ್ಲಿ ನನ್ನ ಮಾಮೂಲಿ ಕುರ್ಚಿಯಲ್ಲೇ ಕೂತು ನುಡಿಸಿದೆ. ನಿಧಾನ ಭಾಗದ ಮುಚ್ಚಿದ ಸ್ವರ ಬಂದಾಗ, ಮುಂದಿನ ಸಾಲಿನಲ್ಲಿ ಓಬೋ ಊದುವವರೊಬ್ಬರು ತಿರುಗಿದರು.

"ಏನಮ್ಮಾ, ನಿನ್ನ ಹಾರ್ನಿಗೆ ನೆಗಡಿನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ; ನಗದಿದ್ದರೆ ಮುಖ ಏನಾಗುತ್ತಿತ್ತೋ.

"ತಪ್ಪು ನುಡಿಸಿದ್ರು ಅಂತ ಜನ ಅಂದ್ಕೋತಾರೆ," ಎಂದರು ಆರ್ಕೆಸ್ಟ್ರಾ ನಿರ್ದೇಶಕರು. "ಹೊಸದರಲ್ಲಿ ಒಂದ್ಸಲ ನೋಡೋಣ."

ಆರ್ಕೆಸ್ಟ್ರಾದಲ್ಲಿ ಎಂದಿನಂತೆ ನುಡಿಸುವ, ವಾಲ್ವ್‌ಗಳಿರುವ ಹೊಸ ಹಾರ್ನ್ ಎತ್ತಿಕೊಂಡೆ. ಆ ಸ್ವರಕ್ಕೆ ಎಡಗೈ ವಾಲ್ವ್ ಒತ್ತಿತು. ಎಂಟು ತಿಂಗಳ ರೂಢಿ, ಬಲಗೈಯೂ ಹಾರ್ನಿನ ಬಾಯಿ ಮುಚ್ಚಿತು. ಒಂದೇ ಸ್ವರವನ್ನು ಎರಡು ಕೈಗಳೂ ತಿದ್ದಿದರೆ ಇನ್ನೇನಾದೀತು? ಸ್ವರ ಜಾರಿಬಿತ್ತು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಕೈ ಸುಮ್ನಿದ್ರೆ ಸಾಕು, ಹೊಸದರಲ್ಲೇ ನುಡಿಸಿ. ಇಲ್ಲಾಂದ್ರೆ..." ನಿರ್ದೇಶಕರ ಕಣ್ಣು ನನ್ನ ಪಕ್ಕದ ಕುರ್ಚಿಗೆ ಹೋಯಿತು. ಎರಡನೆಯ ಹಾರ್ನ್ ನುಡಿಸುವ ಹುಡುಗಿ ತಲೆ ತಗ್ಗಿಸಿ ಬೂಟಿನ ದಾರ ನೋಡುತ್ತಿದ್ದಳು.

"ಆ ಸ್ವರ ಮಂಕಾಗೇ ಇರ್ಬೇಕು ಸಾರ್. ಹಳೇದಾದ್ರೆ ನುಡಿಸ್ತೀನಿ." ಹೊಸ ಹಾರ್ನನ್ನು ಕೆಳಗಿಟ್ಟೆ.

"ಹಾಗಾದ್ರೆ ಅವಳೇ ನುಡಿಸ್ಲಿ ಬಿಡಿ."

ಕಛೇರಿಯ ದಿನ ಅವಳು ಮುಂದೆ ನಿಂತಳು, ನಾನು ಹಿಂದೆ ಕೂತೆ. ನಿಧಾನ ಭಾಗದಲ್ಲಿ ನನಗೆ ಹತ್ತೊಂಬತ್ತು ಬಾರ್, ಅಂದರೆ ಹತ್ತೊಂಬತ್ತು ತಾಳದ ಸುತ್ತು, ವಿರಾಮ. ಎಣಿಕೆ ತಪ್ಪದಿರಲೆಂದು ಬೆರಳು ಮಡಚುತ್ತಿದ್ದೆ. ಆ ಸ್ವರ ಬಂತು. ದುಂಡಗೆ, ತುಂಬಿಕೊಂಡು, ಮಿಕ್ಕೆಲ್ಲ ಸ್ವರಗಳ ಹಾಗೇ ಇತ್ತು. ಬಂದದ್ದು ಯಾರಿಗೂ ತಿಳಿಯಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಅವಳು ಏದುಸಿರು ಬಿಡುತ್ತಾ ನನ್ನ ಬಳಿ ಬಂದಳು.

"ಅಕ್ಕಾ, ಎಲ್ಲಾದ್ರೂ ಎಡವಿದ್ನಾ?"

"ಎಲ್ಲೂ ಇಲ್ಲ ಕಣೇ."

ಅದು ನಿಜವೇ. ಅವಳ ಮುಖ ಅರಳಿತು. ಅಷ್ಟರಲ್ಲಿ ಫೋಟೋಗೆ ಯಾರೋ ಅವಳನ್ನು ಕರೆದರು. ನಾನು ಹಾರ್ನನ್ನು ತಿರುಗಿಸಿ, ಊದಿದ ಉಸಿರಿನಿಂದ ಕೊಳವೆಯಲ್ಲಿ ನಿಂತ ನೀರನ್ನು ಬಸಿಯುತ್ತಾ ಅಲ್ಲೇ ಉಳಿದೆ.